ಪಂದಿಯೂ ವರಾಹವೂ: ಆತಕೂರು ಶಾಸನದ ಒಂದು ವಿಮರ್ಶೆ

೧

ಕನ್ನಡದಲ್ಲಿ ಒಂದೇ ಮೃಗಕ್ಕೆ ಎರಡು ಹೆಸರುಗಳುಂಟು. ದೇಗುಲದ ಭಿತ್ತಿಯಲ್ಲಿ, ಅರಸರ ಮುದ್ರೆಯಲ್ಲಿ, ಚಿನ್ನದ ನಾಣ್ಯದಲ್ಲಿ ಅದು ವರಾಹ; ಹೊಲದ ಬದುವಿನಲ್ಲಿ, ಊರ ಹೊರಗಿನ ಕೇರಿಯಲ್ಲಿ, ಜಗಳದ ಬೈಗುಳದಲ್ಲಿ ಅದು ಹಂದಿ. ಮೊದಲನೆಯ ಹೆಸರಿಗೆ ಕೈಮುಗಿಯುವವನೇ ಎರಡನೆಯ ಹೆಸರಿಗೆ ಮುಖ ತಿರುಗಿಸುತ್ತಾನೆ. ಈ ಭೇದವನ್ನು ಕಂಡವರು ಕನ್ನಡ ನಾಡಿನ ಬಾಳಿನಲ್ಲಿ ಈ ಪ್ರಾಣಿಗೆ ಎರಡೇ ಸ್ಥಾನಗಳಿದ್ದವೆಂದು, ಮೇಲೆ ಪೂಜ್ಯತೆ, ಕೆಳಗೆ ಹೇಯತೆ, ನಡುವೆ ಏನೂ ಇಲ್ಲವೆಂದು ತಿಳಿಯುವುದು ಸಹಜ. ಆದರೆ ಆ ತಿಳಿವಳಿಕೆ ಅಸಮಗ್ರವಾದುದು. ಹಳಗನ್ನಡದ ಕಾಲದಲ್ಲಿ ಈ ಎರಡಕ್ಕೂ ಸೇರದ ಮೂರನೆಯ ಸ್ಥಾನವೊಂದು ಅದಕ್ಕಿತ್ತು. ಅಲ್ಲಿ ಅದು ದೇವರ ಅವತಾರವಲ್ಲ, ಹೊಲಸಿನ ಪ್ರತಿಮೆಯೂ ಅಲ್ಲ. ಕಾದಿ ಸಾಯಬಲ್ಲ, ಮರ್ಯಾದೆಗೆ ಅರ್ಹವಾದ ಎದುರಾಳಿ. ಆ ಸ್ಥಾನಕ್ಕೆ ಸ್ಫುಟವಾದ ಸಾಕ್ಷ್ಯವು ಕಾವ್ಯದಲ್ಲಿ ದೊರೆಯುವುದಕ್ಕಿಂತ ಕಲ್ಲಿನಲ್ಲಿ ದೊರೆಯುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂದು ಸೇರಿದ ಶಕವರ್ಷ ೮೭೨ರ, ಎಂದರೆ ಕ್ರಿ. ಶ. ೯೪೯–೫೦ರ, ಶಾಸನವೇ ಆ ಕಲ್ಲು.

ಈ ಶಾಸನವನ್ನು ರೈಸ್, ಫ್ಲೀಟ್ ಮುಂತಾದ ವಿದ್ವಾಂಸರು ಪ್ರಕಟಿಸಿ ಶತಮಾನಕ್ಕೂ ಮೇಲಾಯಿತು. ತಕ್ಕೋಲದ ಯುದ್ಧಕ್ಕೆ ಅದು ಪ್ರಧಾನವಾದ ಆಧಾರವೆಂಬ ಕಾರಣದಿಂದ ಇತಿಹಾಸಕಾರರ ಕೈಯಲ್ಲಿ ಅದಕ್ಕೆ ದೊಡ್ಡ ಪ್ರಸಿದ್ಧಿ ಬಂದಿದೆ. ಅದೇ ಪ್ರಸಿದ್ಧಿಯು ಅದರ ಸಾಹಿತ್ಯಗುಣವನ್ನು ಮರೆಮಾಡಿದೆ. ಕಲ್ಲು ನೆಟ್ಟವರ ಉದ್ದೇಶವು ಯುದ್ಧದ ವರದಿಯಲ್ಲ. ಒಂದು ನಾಯಿ ಮತ್ತು ಒಂದು ಹಂದಿಯ ಸಾವಿನ ಸ್ಮರಣೆ. ಈ ಮಾತನ್ನು ಮರೆತು ಓದಿದರೆ ಶಾಸನದ ಪೀಠಿಕೆಯನ್ನು ಓದಿ ಶಾಸನವನ್ನು ಬಿಟ್ಟಂತಾಗುತ್ತದೆ.

೨

ಮೊದಲು ವರಾಹನ ವಿಚಾರ. ಬಾದಾಮಿಯ ಚಲುಕ್ಯರು ವರಾಹವನ್ನು ಲಾಂಛನವಾಗಿ ಧರಿಸಿದವರು. ಮಂಗಲೇಶನು ಶಕವರ್ಷ ೫೦೦ರಲ್ಲಿ, ಎಂದರೆ ಕ್ರಿ. ಶ. ೫೭೮ರಲ್ಲಿ, ಪೂರೈಸಿದ ಮೂರನೆಯ ಗುಹೆಯಲ್ಲಿ ಭೂದೇವಿಯನ್ನು ಎತ್ತಿ ನಿಂತ ವರಾಹಮೂರ್ತಿಯುಂಟು. ಕಲ್ಯಾಣದ ಚಾಲುಕ್ಯರು ಅದೇ ಲಾಂಛನವನ್ನು ಮುಂದುವರಿಸಿದರು. ವಿಜಯನಗರದ ಅರಸರ ಮುದ್ರೆಯಲ್ಲಿಯೂ ವರಾಹವು ಕಾಣುತ್ತದೆ. ಮುಳುಗಿದ ಭೂಮಿಯನ್ನು ಕೋರೆಯಿಂದ ಎತ್ತಿದ ದೇವನು ರಾಜ್ಯವನ್ನು ಉದ್ಧರಿಸಿದೆನೆನ್ನುವ ಅರಸನಿಗೆ ಒಪ್ಪುವ ಪ್ರತಿಮೆಯೇ ಸರಿ. ಆದರೆ ಪ್ರತಿಮೆಯು ಬೆಳೆದಷ್ಟೂ ಮೃಗವು ಕರಗುತ್ತದೆ. ಬಾದಾಮಿಯ ಮೂರ್ತಿಯಲ್ಲಿ ಮುಖವೊಂದೇ ಹಂದಿಯದು. ನಿಲುವು, ತೋಳು, ಆಭರಣ, ಆಯುಧಗಳೆಲ್ಲ ದೇವನವು.

ನಾಣ್ಯದ ಕಥೆಯಲ್ಲಿ ಈ ಕರಗುವಿಕೆಯು ಇನ್ನೂ ನಿಚ್ಚಳವಾಗಿದೆ. ಚಿನ್ನದ ನಾಣ್ಯಕ್ಕೆ ವರಹವೆಂಬ ಹೆಸರು ನಿಂತಿತು; ವರಾಹದ ಚಿತ್ರ ನಿಲ್ಲಲಿಲ್ಲ. ವಿಜಯನಗರದ ವರಹಗಳ ಮೇಲೆ ಉಮಾಮಹೇಶ್ವರರು, ಲಕ್ಷ್ಮೀನಾರಾಯಣರು, ಗಂಡಭೇರುಂಡವು ಬಂದರು. ಹೈದರಾಲಿಯು ಶಿವಪಾರ್ವತಿಯರ ಚಿತ್ರವನ್ನೇ ಉಳಿಸಿಕೊಂಡು ತನ್ನ ವರಹವನ್ನು ಅಚ್ಚುಹಾಕಿಸಿದನು. ದೇವನಹಳ್ಳಿಯಲ್ಲಿ ಹುಟ್ಟಿದ ಅವನ ಮಗ ಟಿಪ್ಪುವು ಆ ನಾಣ್ಯಕ್ಕೆ ಫಾರೂಖಿಯೆಂದು ಬೇರೆ ಹೆಸರಿಟ್ಟನು. ಆದರೂ ಮೈಸೂರಿನ ಲೆಕ್ಕಪತ್ರಗಳಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ಕಂಠೀರವರಾಯ ವರಹಗಳ ಎಣಿಕೆ ನಡೆಯಿತು. ವರಹವನ್ನು ಎಣಿಸಿದ ಶಾನುಭೋಗನಿಗಾಗಲಿ, ತೆತ್ತ ರೈತನಿಗಾಗಲಿ ಅದು ಹಂದಿಯ ಹೆಸರೆಂಬ ನೆನಪೇ ಇರಲು ಕಾರಣವಿರಲಿಲ್ಲ. ಪೂಜ್ಯತೆಯ ಬೆಲೆ ಇದು: ಹೆಸರು ಚಿನ್ನವಾಯಿತು, ಪ್ರಾಣಿ ಕಾಣದಾಯಿತು.

ಅರಮನೆಯ ಅಡಿಗೆಮನೆಯಲ್ಲಿ ಮಾತ್ರ ಅದು ಕಾಣದಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿ ಹಂದಿಯ ಮಾಂಸವನ್ನು ಹಸನುಮಾಡುವ ಕ್ರಮವು ವಿಸ್ತಾರವಾಗಿದೆ. ಬಟ್ಟೆ ಹೊದಿಸಿ ಬಿಸಿನೀರು ಸುರಿದು ಅಥವಾ ಹುಲ್ಲಿನ ಬೆಂಕಿಯಲ್ಲಿ ಸುಟ್ಟು ರೋಮವನ್ನು ತೆಗೆಯುವುದು, ಮಾಂಸವನ್ನು ತಾಳೆಯೋಲೆಯಂತೆ ತೆಳುವಾಗಿ ಸೀಳುವುದು ಮೊದಲಾದುವನ್ನು ಅಡಿಗೆ ಬಲ್ಲವನ ನಿಷ್ಕೃಷ್ಟತೆಯಿಂದ ಅರಸನು ಹೇಳಿದ್ದಾನೆ. ವರಾಹಲಾಂಛನನಾದ ಚಕ್ರವರ್ತಿಗೆ ವರಾಹಮಾಂಸದ ಪಾಕವನ್ನು ಬರೆಯುವುದರಲ್ಲಿ ಅಣುಮಾತ್ರವೂ ಸಂಕೋಚವಿಲ್ಲ. ಪೂಜ್ಯ, ಹೇಯ ಎಂಬ ಎರಡೇ ಪಂಗಡಗಳಿಂದ ಈ ಪ್ರಕರಣಕ್ಕೆ ಅರ್ಥ ಹೇಳುವುದು ಸಾಧ್ಯವಿಲ್ಲ. ಲಾಂಛನದ ವರಾಹವೂ ಎಲೆಯ ಮೇಲಿನ ಹಂದಿಯೂ ಒಂದರೊಡನೊಂದು ತಾಗದಂತೆ ಅವನ ಆಸ್ಥಾನದಲ್ಲಿ ನೆಲೆಸಿದ್ದವೆಂಬುದು ಮಾತ್ರ ಸ್ಪಷ್ಟ.

೩

ಕಾವ್ಯಕ್ಕೆ ಬಂದರೆ ಅಲ್ಲಿ ಮೃಗಕ್ಕೆ ಇನ್ನೊಂದು ವಿಧಿ ಕಾದಿದೆ. ಕನ್ನಡ ಕಾವ್ಯದ ಪ್ರಸಿದ್ಧವಾದ ಹಂದಿಗಳು ಹೆಚ್ಚಾಗಿ ಹಂದಿಗಳೇ ಅಲ್ಲ. ಕಿರಾತಾರ್ಜುನರ ಪ್ರಸಂಗವನ್ನು ಪಂಪನಿಂದ ಕುಮಾರವ್ಯಾಸನವರೆಗೆ, ಶಬರಶಂಕರವಿಲಾಸದ ಷಡಕ್ಷರಿಯವರೆಗೆ, ಕರಾವಳಿಯ ಯಕ್ಷಗಾನದವರೆಗೆ ಕನ್ನಡಿಗರು ಮತ್ತೆ ಮತ್ತೆ ಕೇಳಿದ್ದಾರೆ. ಅಲ್ಲಿ ಅರ್ಜುನನ ಮೇಲೆ ನುಗ್ಗುವ ಹಂದಿಯು ಮೂಕನೆಂಬ ದಾನವ. ಅದನ್ನು ಯಾರ ಬಾಣ ಕೊಂದಿತೆಂಬುದೇ ವಿವಾದ; ಸತ್ತುದೇನೆಂಬುದು ಯಾರಿಗೂ ಚಿಂತೆಯಲ್ಲ. ಶಿವನೂ ಅರ್ಜುನನೂ ಹೋರಾಡುವುದಕ್ಕೆ ಒಂದು ನೆವ ಬೇಕಾಗಿತ್ತು. ಆ ನೆವಕ್ಕೆ ಕೋರೆಯೂ ರೋಷವೂ ಇದ್ದರೆ ಸಾಕಾಗಿತ್ತು.

ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಹಂದಿಯ ಪಾತ್ರವು ಇದಕ್ಕಿಂತ ಗುರುತರವಾದುದು. ಬೇಟೆಗೆ ಹೊರಟ ಅರಸನನ್ನು ವಿಶ್ವಾಮಿತ್ರನ ಆಶ್ರಮದ ಕಡೆಗೆ ಸೆಳೆದು ತರುವುದು ಮುನಿಯು ನಿರ್ಮಿಸಿದ ಮಾಯೆಯ ಹಂದಿ. ಅಲ್ಲಿಂದ ಮುಂದೆ ಗಾನರಾಣಿಯರ ಪ್ರಸಂಗ, ರಾಜ್ಯತ್ಯಾಗ, ಕಾಶಿಯ ಮಾರಾಟ, ವೀರಬಾಹುವಿನ ಊಳಿಗ, ಸುಡುಗಾಡಿನ ಕಾವಲು. ಸಿಂಹಾಸನದಿಂದ ಸ್ಮಶಾನಕ್ಕೆ ಇಳಿಯುವ ದಾರಿಯ ಬಾಗಿಲಲ್ಲಿ ಹಂದಿಯು ನಿಂತಿದೆ. ಕುಲದ ಮೇಲುಕೀಳುಗಳನ್ನು ಒರೆಗೆ ಹಚ್ಚುವ ಈ ಕಾವ್ಯದಲ್ಲಿ ಕುಲೀನನಾದ ಅರಸನನ್ನು ಕೆಳಕ್ಕೆ ಕರೆದೊಯ್ಯುವ ಕೆಲಸಕ್ಕೆ ಮಣ್ಣನ್ನು ಅಗೆಯುವ ಮೃಗವು ಒದಗಿದುದು ಕಥೆಗೆ ಬಹಳ ಉಚಿತವಾಗಿದೆ. ಆದರೂ ಅದು ಮಾಯೆ. ಅದಕ್ಕೆ ತನ್ನದೆಂಬ ಸಾವಿಲ್ಲ.

ಕಾವ್ಯಕ್ಕಿಂತ ಭಿನ್ನವಾದ ದೃಷ್ಟಿ ವಡ್ಡಾರಾಧನೆಯ ಗದ್ಯದಲ್ಲಿದೆ. ಸುಕುಮಾರಸ್ವಾಮಿಯ ಕಥೆಯಲ್ಲಿ, ಮುನಿಯನ್ನು ನಿಂದಿಸಿದ ವಾಯುಭೂತಿಯ ಜೀವವು ಕತ್ತೆಯಾಗಿ, ಹಂದಿಯಾಗಿ, ನಾಯಿಯಾಗಿ, ಆಮೇಲೆ ಊರ ಹೊರಗಿನ ಕುಲದ ಹುಡುಗಿಯಾಗಿ ಹುಟ್ಟಿ ಬಂದು ಕೊನೆಗೆ ಧರ್ಮದ ದಾರಿ ಹಿಡಿಯುತ್ತದೆ. ಇಲ್ಲಿ ಹಂದಿಯು ವೇಷವಲ್ಲ. ಜೀವವು ನಿಜವಾಗಿಯೂ ಇದ್ದು ಸತ್ತ ಒಂದು ಮೈ. ನೀಚಜನ್ಮವೆಂಬ ತೀರ್ಮಾನವೇನೋ ಉಂಟು. ಆದರೆ ನಾಳೆ ಮುಕ್ತಿಗೆ ಸಲ್ಲುವ ಜೀವವೇ ಇಂದು ಕೆಸರಿನಲ್ಲಿ ಹೊರಳುತ್ತಿದೆಯೆಂದು ನಂಬಿದವನಿಗೆ ಹಂದಿಯನ್ನು ಕೇವಲ ಹೇಸಿಗೆಯೆಂದು ತಳ್ಳಿಹಾಕುವುದು ಸುಲಭವಲ್ಲ. ಜೊತೆಗೆ ಒಂದು ಮಾತನ್ನು ಗಮನಿಸಬೇಕು. ಈ ಜನ್ಮಪರಂಪರೆಯಲ್ಲಿ ಹಂದಿಯೂ ಕೇರಿಯ ಹುಡುಗಿಯೂ ಒಂದೇ ಏಣಿಯ ಹತ್ತಿರದ ಮೆಟ್ಟಿಲುಗಳಾಗಿದ್ದಾರೆ. ಮೃಗದ ಮೇಲಿನ ತಿರಸ್ಕಾರವು ಮನುಷ್ಯರ ಮೇಲಕ್ಕೆ ಹರಿಯುವ ಕಾಲುವೆ ಆಗಲೇ ತೋಡಿದೆ.

೪

ಇನ್ನು ಆತಕೂರಿನ ಕಲ್ಲು. ಶಾಸನದ ಕಾಲಕ್ಕೆ ಪಂಪಭಾರತವು ಹುಟ್ಟಿ ಎಂಟೊಂಬತ್ತು ವರ್ಷಗಳಾಗಿದ್ದವು. ಗಂಗವಾಡಿಯಲ್ಲಿ ಇಮ್ಮಡಿ ಬೂತುಗನು ಆಳುತ್ತಿದ್ದನು. ಅವನ ಪೂರ್ವಿಕ ಶ್ರೀಪುರುಷನ ಕಾಲದಲ್ಲಿ ಗಂಗರ ಬೀಡಾಗಿದ್ದ ಮಾನ್ಯಪುರವು ನೆಲಮಂಗಲ ತಾಲ್ಲೂಕಿನ ಮಣ್ಣೆ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಸೀಮೆಯೂ ಆತಕೂರಿನ ಸೀಮೆಯೂ ಆಗ ಒಂದೇ ಗಂಗವಾಡಿ. ಮೊರಡಿ, ಕುರುಚಲು, ಕೆರೆ, ಕೆರೆಯ ಕೆಳಗಿನ ಗದ್ದೆ, ಅದರ ಅಂಚಿನಲ್ಲಿ ಹಂದಿ. ಶಾಸನವು ನಡೆಯುವ ಭೂಮಿ ಇದೇ ಬಗೆಯದು.

ಕಥೆಯ ಸಾರ ಹೀಗಿದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನ ಮೇಲೆ ದಂಡೆತ್ತಿ ಹೋದನು. ತಕ್ಕೋಲದಲ್ಲಿ ಬೂತುಗನು ರಾಜಾದಿತ್ಯನನ್ನು ಕೊಂದನು. ಮೆಚ್ಚಿದ ಚಕ್ರವರ್ತಿಯು ಅವನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗಿನಾಡು ಎಪ್ಪತ್ತನ್ನು ಕೊಟ್ಟನು. ಬೂತುಗನ ಆಳು ಸಗರವಂಶದ ಮಣಲೆರನು ಆ ಯುದ್ಧದಲ್ಲಿ ಒಡೆಯನ ಮುಂದೆ ನಿಂತು ಕಾದಿದನು. ಮೆಚ್ಚಿದೆನು, ಬೇಡಿಕೊ ಎಂದು ಬೂತುಗನು ಹೇಳಿದಾಗ ಅವನು ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿಯನ್ನು ಕೆಳಲೆನಾಡಿನ ಬೆಳತೂರ ಪಡುವಣ ಮೊರಡಿಯಲ್ಲಿ ಒಂದು ಹಿರಿಯ ಹಂದಿಯ ಮೇಲೆ ಬಿಟ್ಟಾಗ ಎರಡೂ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರ ಚಲ್ಲೇಶ್ವರದ ಮುಂದೆ ಕಲ್ಲು ನೆಟ್ಟು, ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಬಿಟ್ಟುಕೊಟ್ಟರು. ಬೂತುಗನು ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕೋಟೆಯೂರನ್ನೂ ಬಾಳ್ಗಚ್ಚಾಗಿ ಕೊಟ್ಟ ಮಾತೂ ಶಾಸನದಲ್ಲಿದೆ.

ಈ ಬರೆಹದ ಬಂಧದಲ್ಲಿ ಗಮನಾರ್ಹವಾದ ಮೊದಲನೆಯ ಅಂಶವು ಸಂಖ್ಯೆಗಳ ಇಳಿತ. ಹನ್ನೆರಡು ಸಾವಿರ, ಮುನ್ನೂರು, ಎಪ್ಪತ್ತು, ಹನ್ನೆರಡು. ಆಮೇಲೆ ಒಂದು ನಾಯಿ, ಒಂದು ಹಂದಿ, ಎರಡು ಖಂಡುಗ ಮಣ್ಣು. ಚಕ್ರವರ್ತಿಯ ದಿಗ್ವಿಜಯದಿಂದ ತೊಡಗಿದ ದೃಷ್ಟಿಯು ಸಾಮಂತನಿಗೆ, ಸಾಮಂತನಿಂದ ಆಳಿಗೆ, ಆಳಿನಿಂದ ನಾಯಿಗೆ, ನಾಯಿಯಿಂದ ಮೊರಡಿಯ ಮೇಲಿನ ಒಂದು ಗಳಿಗೆಗೆ ಇಳಿದುಬಂದು ಅಲ್ಲಿಯೇ ನಿಲ್ಲುತ್ತದೆ. ಎರಡು ಸಾಮ್ರಾಜ್ಯಗಳ ಕಾಳಗವು ಇಲ್ಲಿ ನಾಯಿ ಯಾರದೆಂದು ಹೇಳುವುದಕ್ಕೆ ಬಂದ ಪೀಠಿಕೆ. ಇದನ್ನು ಬರೆದವನು ಕವಿಯೆಂದು ಹೆಸರು ಪಡೆದವನಲ್ಲ. ಆದರೆ ಯಾವುದು ದೊಡ್ಡದು, ಯಾವುದು ಮುಖ್ಯ ಎಂಬ ಎರಡು ಪ್ರಶ್ನೆಗಳನ್ನು ಬೇರೆ ಮಾಡಿ ತಿಳಿದವನು.

ಎರಡನೆಯದು ಶಬ್ದ. ಸಂಸ್ಕೃತ ಬಿರುದುಗಳನ್ನು ಧಾರಾಳವಾಗಿ ಬಲ್ಲ ಈ ಶಾಸನವು ಮೃಗವನ್ನು ವರಾಹವೆನ್ನುವುದಿಲ್ಲ, ಪಂದಿಯೆನ್ನುತ್ತದೆ. ತಮಿಳಿನ ಪನ್ಱಿ, ತೆಲುಗಿನ ಪಂದಿ, ತುಳುವಿನ ಪಂಜಿಗಳಿಗೆ ಒಡಹುಟ್ಟಾದ ಅಚ್ಚಗನ್ನಡದ ಮಾತು ಅದು. ಅದಕ್ಕೆ ಕೊಟ್ಟ ವಿಶೇಷಣವೂ ಹಿರಿದೆಂಬುದೊಂದೇ. ಕೋರೆಯ ಹೊಳಪು, ಕಣ್ಣಿನ ಕೆಂಡ, ಪ್ರಳಯಮೇಘದ ಸಾಮ್ಯ ಮೊದಲಾದ ಕಾವ್ಯದ ಒಡವೆಗಳೊಂದೂ ಅದರ ಮೈಮೇಲಿಲ್ಲ. ಅದು ದಾನವನಲ್ಲ, ಮುನಿಯ ಮಾಯೆಯಲ್ಲ, ಯಾರ ಹಿಂದಿನ ಜನ್ಮವೂ ಅಲ್ಲ. ಬೆಳತೂರ ಪಡುವಣ ಮೊರಡಿಯಲ್ಲಿದ್ದ ಒಂದು ಹಂದಿ. ಉಪಮೆಯಿಲ್ಲದೆ ಹೇಳಿದುದರಿಂದಲೇ ಅದು ಉಳಿದಿದೆ.

ಮೂರನೆಯದು ಕ್ರಿಯಾಪದ. ನಾಯಿಯು ಹಂದಿಯನ್ನು ಕೊಂದಿತೆಂದಾಗಲಿ, ಹಂದಿಯು ನಾಯಿಯನ್ನು ಸೀಳಿತೆಂದಾಗಲಿ ಶಾಸನವು ಹೇಳುವುದಿಲ್ಲ. ಎರಡನ್ನೂ ಸಮುಚ್ಚಯದಿಂದ ಜೋಡಿಸಿ ಒಟ್ಟಿಗೆ ಸತ್ತವೆಂಬ ಒಂದೇ ಕ್ರಿಯೆಯನ್ನು ಎರಡಕ್ಕೂ ಹಂಚುತ್ತದೆ. ಗೆದ್ದವರಿಲ್ಲ, ಸೋತವರಿಲ್ಲ. ಕಲ್ಲುಕುಟಿಗನೂ ಇದನ್ನೇ ಅನುಸರಿಸಿದ್ದಾನೆ: ಶಿಲ್ಪದಲ್ಲಿ ನಾಯಿಯೂ ಹಂದಿಯೂ ಎದುರುಬದುರಾಗಿ ಹೆಣೆದುಕೊಂಡಿವೆ. ವೀರಗಲ್ಲುಗಳಲ್ಲಿ ರೂಢಿಯಾಗಿ ಕಾಣುವ ಅಪ್ಸರೆಯರ, ಸ್ವರ್ಗಾರೋಹಣದ ಹಂತಗಳಿಗೆ ಇಲ್ಲಿ ಎಡೆಯಿಲ್ಲ, ಕಾಳಗವೊಂದೇ ಉಂಟು.

೫

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಕಲ್ಲು ನೆಟ್ಟದ್ದು ನಾಯಿಗಾಗಿ. ಹಂದಿಯು ಅಲ್ಲಿ ನಿಮಿತ್ತಮಾತ್ರ. ಅದಕ್ಕೆ ಮರ್ಯಾದೆ ಸಂದಿತೆನ್ನುವುದು ಓದುವವರ ಕಲ್ಪನೆ ಎಂದು. ಆಕ್ಷೇಪಣೆಯ ಮೊದಲ ಭಾಗ ನಿಜ. ದತ್ತಿ ಸಂದದ್ದು ಕಾಳಿಯ ಕಲ್ಲಿಗೆ. ಆ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಚಲ್ಲೇಶ್ವರದ ಗೊರವನಿಗೆ ಕಟ್ಟಳೆಯಾಯಿತು. ಆದರೆ ಶಾಪವಾಕ್ಯವನ್ನು ನಿಧಾನಿಸಿ ಓದಬೇಕು. ದತ್ತಿಯನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ ಎಂಬುದು ಕನ್ನಡ ಶಾಸನಗಳ ವಾಡಿಕೆಯ ಶಾಪ. ಇಲ್ಲಿರುವುದು ಅದಲ್ಲ. ಮಣ್ಣನ್ನು ಅಳಿದವನೂ, ಪೂಜಿಸದೆ ಉಂಡ ಗೊರವನೂ ಆ ನಾಯಿ ಮಾಡಿದ ಪಾಪವನ್ನು ಹೊರಬೇಕು ಎಂದಿದೆ.

ನಾಯಿ ಮಾಡಿದ ಪಾಪ ಯಾವುದು? ಎರಡು ಅರ್ಥಗಳಿಗೆ ಅವಕಾಶವುಂಟು. ನಾಯಿಯಾಗಿ ಹುಟ್ಟುವುದಕ್ಕೆ ಕಾರಣವಾದ ಹಿಂದಿನ ಪಾಪವೆನ್ನುವುದು ಒಂದು. ಆದರೆ ಶಾಸನದ ಮಾತು ಪಡೆದ ಪಾಪವನ್ನಲ್ಲ, ಗೆಯ್ದ ಪಾಪವನ್ನು ಹೇಳುತ್ತದೆ. ಅದೂ ನಾಯಿಕುಲದ ಪಾಪವಲ್ಲ, ಆ ನಾಯಿಯ ಪಾಪ. ಕಾಳಿಯು ಮಾಡಿದ ಕೆಲಸವಾಗಿ ಶಾಸನವು ಹೇಳಿರುವುದು ಒಂದನ್ನೇ, ಮೊರಡಿಯ ಹೋರಾಟವನ್ನು. ಆದುದರಿಂದ ಎರಡನೆಯ ಅರ್ಥವೇ, ಎಂದರೆ ಹಂದಿಯ ಕೊಲೆಯೇ ಆ ಪಾಪವೆಂಬುದೇ, ಸನ್ನಿವೇಶಕ್ಕೆ ಹೆಚ್ಚು ಹೊಂದುತ್ತದೆ. ಹಾಗಾದರೆ ಪೂಜೆಗೊಂಡ ನಾಯಿಯನ್ನು ಹೊಗಳುವ ಶಾಸನವೇ ಅದರ ಕೈಯಿಂದಾದ ಸಾವನ್ನು ಪಾಪದ ಲೆಕ್ಕಕ್ಕೆ ಬರೆದಿಟ್ಟಂತಾಯಿತು. ವೀರವನ್ನು ಮೆಚ್ಚಿಯೂ ಹತ್ಯೆಯನ್ನು ಮರೆಯದ ಈ ಮನೋಧರ್ಮದಲ್ಲಿ ಹಂದಿಯು ನಿಮಿತ್ತಮಾತ್ರವಲ್ಲ. ಲೆಕ್ಕಕ್ಕೆ ಬಂದ ಒಂದು ಪ್ರಾಣ. ರಾಜಾದಿತ್ಯನ ಸಾವನ್ನು ಹೇಳುವ ವಾಕ್ಯದಲ್ಲಿನ ಬಿಸುಗೆಯೆಂಬ ಒಂದು ಮಾತಿಗೆ ಫ್ಲೀಟರು ಮೊದಲು ಮಾಡಿದ ಅರ್ಥದಿಂದ ಬೂತುಗನ ಮೇಲೆ ವಂಚನೆಯ ಅಪವಾದ ಬಂದು, ಆಮೇಲೆ ಆನೆಯ ಮೇಲಣ ಅಂಬಾರಿಯೆಂಬ ಅರ್ಥವು ಸ್ಥಿರಪಟ್ಟು ಅದು ತೊಲಗಿತು. ಆ ಒಂದು ಮಾತಿಗೆ ಸಂದ ಶ್ರಮದ ಒಂದು ಪಾಲು ಈ ಶಾಪವಾಕ್ಯಕ್ಕೂ ಸಲ್ಲತಕ್ಕದ್ದು.

೬

ಈ ಮೂರನೆಯ ಸ್ಥಾನವು ಆಮೇಲೆ ಏನಾಯಿತು? ಹತ್ತನೆಯ ಶತಮಾನದಿಂದೀಚೆಗೆ ಕ್ರಮಕ್ರಮವಾಗಿ ಪಕಾರವು ಹಕಾರವಾಗಿ ಪಂದಿಯು ಹಂದಿಯಾಯಿತು. ಧ್ವನಿವ್ಯತ್ಯಾಸವು ಮರ್ಯಾದೆಯ ವ್ಯತ್ಯಾಸಕ್ಕೆ ಕಾರಣವೆಂದು ಹೇಳಲಾಗದು. ಆದರೂ ಪಕಾರವು ಉಳಿದ ನೆರೆಯ ನುಡಿಗಳ ನಾಡಿನಲ್ಲಿ ಮರ್ಯಾದೆಯೂ ಉಳಿದಿರುವುದು ಕುತೂಹಲಕರವಾಗಿದೆ. ಕೊಡವರಲ್ಲಿ ಪಂದಿಯು ಬೇಟೆಯ ಗೌರವದ ಮೃಗ, ಕಾಚಂಪುಳಿ ಹಾಕಿ ಬೇಯಿಸಿದ ಅದರ ಕರಿಯು ಹಬ್ಬದ ಎಲೆಗೆ ಭೂಷಣ. ತುಳುನಾಡಿನಲ್ಲಿ ಪಂಜಿಯು ಪಂಜುರ್ಲಿಯೆಂಬ ದೈವವಾಗಿ ಕೋಲವನ್ನು ಪಡೆಯುತ್ತದೆ. ಈ ದೈವಕ್ಕೂ ಬಾದಾಮಿಯ ವರಾಹನಿಗೂ ಇರುವ ಅಂತರವನ್ನು ನೋಡಬೇಕು. ಪಾಡ್ದನದ ಕಥೆಗಳಲ್ಲಿ ಬೆಳೆಯನ್ನು ಹಾಳುಮಾಡಿದ ಹಂದಿಯೇ ದೈವವಾಗಿ ಬೆಳೆಯನ್ನು ಕಾಯಲು ಬರುತ್ತದೆ. ಅದು ಭೂಮಂಡಲವನ್ನು ಎತ್ತುವುದಿಲ್ಲ; ಒಕ್ಕಲಿನ ಗದ್ದೆಯನ್ನು ನೋಡಿಕೊಳ್ಳುತ್ತದೆ. ಎದುರಾಳಿಯೊಡನೆ ಮಾಡಿಕೊಂಡ ಒಪ್ಪಂದವೇ ಅಲ್ಲಿಯ ಭಕ್ತಿ. ಆತಕೂರಿನ ಕಲ್ಲಿನಲ್ಲಿರುವ ಸಮಾನತೆಯ ಭಾವಕ್ಕೆ ಇದು ಹತ್ತಿರದ ಬಂಧು.

ಬಯಲುಸೀಮೆಯಲ್ಲಿ ಹಾಗಾಗಲಿಲ್ಲ. ಇಲ್ಲಿ ಕಾಡು ಸರಿದಂತೆಲ್ಲ ಹಂದಿಯೆಂದರೆ ಕೇರಿಯ ಸಾಕುಹಂದಿಯೆಂಬ ಅರ್ಥವೇ ಮುಂದಾಯಿತು. ತಿರಸ್ಕಾರವು ಅದನ್ನು ಸಾಕುವವರಿಗೂ ತಗುಲಿತು. ಕೊರಮರು, ಕೊರಚರು, ಹಂದಿಜೋಗಿಗಳು ಈ ಪ್ರಾಣಿಯೊಡನೆ ಬಾಳಿದವರು. ಹಂದಿಜೋಗಿಗಳಿಗಂತೂ ಮೃಗದ ಹೆಸರೇ ಕುಲದ ಹೆಸರಾಯಿತು. ಗ್ರೀಕರ ಮಹಾಕವಿ ಹೋಮರನು ತನ್ನ ಒಡಿಸ್ಸಿಯಲ್ಲಿ ಹಂದಿ ಕಾಯುವ ಯೂಮಿಯಸನಿಗೆ ವೀರರಿಗೆ ಸಲ್ಲುವ ವಿಶೇಷಣವನ್ನೇ ಕೊಟ್ಟಿದ್ದಾನೆ. ಇಪ್ಪತ್ತು ವರ್ಷಗಳ ಮೇಲೆ ಭಿಕ್ಷುಕನ ವೇಷದಲ್ಲಿ ಮರಳಿದ ಒಡೆಯನನ್ನು ಮೊದಲು ಉಪಚರಿಸುವವನು ಅವನು. ಆ ಒಡೆಯನನ್ನು ದಾದಿಯು ಗುರುತಿಸುವುದು ಹಿಂದೆ ಕಾಡುಹಂದಿಯ ಕೋರೆಯಿಂದಾದ ಗಾಯದ ಕಲೆಯಿಂದ. ಬೇಟೆಯ ಹಂದಿಗೂ ಸಾಕುಹಂದಿಗೂ ಒಂದೇ ಕಾವ್ಯದಲ್ಲಿ ಎಡೆ ದೊರೆತು, ಎರಡರಿಂದಲೂ ಮನುಷ್ಯನ ಗುರುತು ಸಿಕ್ಕುವ ಪರಿ ಅದು. ಹಳೆಯ ಕನ್ನಡ ಕಾವ್ಯವು ಬೇಡರನ್ನೂ ಶಬರರನ್ನೂ ಉಜ್ಜ್ವಲವಾಗಿ ಚಿತ್ರಿಸಿದೆ. ಹಂದಿ ಸಾಕುವವನಿಗೆ ಅಂಥ ಚಿತ್ರವನ್ನು ಕೊಡಲಿಲ್ಲ. ಕೊರತೆಯು ಮೃಗದ ವಿಷಯದ್ದಾಗಿ ಕಂಡರೂ ವಾಸ್ತವದಲ್ಲಿ ಅದು ಮನುಷ್ಯರ ವಿಷಯದ್ದು.

ಆತಕೂರಿನ ಶಾಸನವು ಈ ಕೊರತೆಯನ್ನು ತುಂಬುತ್ತದೆಯೆಂದು ಹೇಳಿದರೆ ಅತ್ಯುಕ್ತಿಯಾದೀತು. ಅಲ್ಲಿಯೂ ಸಾಕುವವನಿಲ್ಲ, ಬೇಟೆಗಾರನ ನಾಯಿ, ಒಡೆಯನ ಬೇಟೆ, ಅರಸರ ಮೆಚ್ಚುಗೆ. ಆದರೆ ಹಂದಿಯೆಂಬ ಮಾತನ್ನು ಹೇಸದೆ, ಹಿಗ್ಗಿಸದೆ, ಬೇರೊಂದರ ವೇಷವಾಗಿ ಮಾಡದೆ ಹೇಳುವುದು ಕನ್ನಡ ಗದ್ಯಕ್ಕೆ ಸಾವಿರ ವರ್ಷಗಳ ಹಿಂದೆಯೇ ಸಾಧ್ಯವಾಗಿತ್ತೆಂಬುದಕ್ಕೆ ಅದು ಪ್ರಮಾಣ. ಪೂಜೆಯಿಂದ ಮೃಗವು ಮರೆಯಾಗುತ್ತದೆ, ತಿರಸ್ಕಾರದಿಂದ ಮನುಷ್ಯರು ಮರೆಯಾಗುತ್ತಾರೆ. ಎರಡರಿಂದಲೂ ದೂರ ನಿಂತು ಕಂಡುದನ್ನು ಕಂಡಂತೆ ಬರೆದ ಗದ್ಯವಿದು. ಪಾಠಶಾಲೆಗಳಲ್ಲಿ ಈ ಶಾಸನವನ್ನು ಬೋಧಿಸುವವರು ತಕ್ಕೋಲದ ರಣರಂಗದಲ್ಲಿಯೇ ನಿಲ್ಲದೆ, ವಿದ್ಯಾರ್ಥಿಗಳನ್ನು ಬೆಳತೂರ ಪಡುವಣ ಮೊರಡಿಯವರೆಗೂ ಕರೆದೊಯ್ಯುವುದು ಯುಕ್ತ. ಶಾಸನವನ್ನು ಬರೆಸಿದವರು ಹೋಗಿ ನಿಂತ ಸ್ಥಳ ಅದೇ.